ಪುರವರ್ಣನೆಯಲ್ಲಿ ಕೇರಿಯ ವಿಚಾರ

ಮಹಾಕಾವ್ಯಕ್ಕೆ ಅಂಗಗಳೆಂದು ಎಣಿಸಲ್ಪಟ್ಟಿರುವ ಅಷ್ಟಾದಶವರ್ಣನೆಗಳಲ್ಲಿ ನಗರವರ್ಣನೆಗೆ ಮೊದಲ ಸ್ಥಾನವು ಸಂದಿದೆ. ದಂಡಿಯು ಕಾವ್ಯಾದರ್ಶದ ಪ್ರಥಮ ಪರಿಚ್ಛೇದದಲ್ಲಿ ನಗರ, ಸಮುದ್ರ, ಪರ್ವತ, ಋತು ಎಂದು ಆರಂಭವಾಗುವ ಕ್ರಮವನ್ನು ಹೇಳಿದ ಮೇಲೆ ನಮ್ಮ ನಾಡಿನ ಚಂಪೂಕವಿಗಳು ಅದನ್ನು ಮನಃಪೂರ್ವಕವಾಗಿ ಅಂಗೀಕರಿಸಿದರು. ಆದುದರಿಂದ ಅವರ ಕಾವ್ಯಗಳಲ್ಲಿ ಕೋಟೆ, ಅಗಳು, ಗೋಪುರ, ಅಂಗಡಿಬೀದಿ, ಸೂಳೆಗೇರಿ, ಉದ್ಯಾನ, ಅರಮನೆ ಇವು ಒಂದಾದ ಮೇಲೊಂದು ಬರುವುವು. ಕವಿಯು ಹೆಬ್ಬಾಗಿಲಿನಿಂದ ಪ್ರವೇಶಿಸಿ ಅರಮನೆಯನ್ನು ಸೇರುವವರೆಗೆ ಎರಡು ಪಕ್ಕಗಳಲ್ಲಿಯೂ ಕಂಡದ್ದನ್ನು ಉತ್ಪ್ರೇಕ್ಷೆಯಿಂದಲೂ ಅತಿಶಯೋಕ್ತಿಯಿಂದಲೂ ಸಿಂಗರಿಸುತ್ತಾನೆ. ಪಾಠಶಾಲೆಗಳಲ್ಲಿ ಈ ಭಾಗವನ್ನು ಬೋಧಿಸುವವರು ಅಲಂಕಾರವನ್ನು ಹೆಸರಿಸಿ, ಸಮಾಸವನ್ನು ಬಿಡಿಸಿ, ಮುಂದಿನ ಪದ್ಯಕ್ಕೆ ಹೋಗುವುದೇ ವಾಡಿಕೆ. ಆದರೆ ಆ ಅಂಗಡಿಬೀದಿಯಲ್ಲಿ ಕುಳಿತಿರುವವನು ಅಲ್ಲಿಗೆ ಹೇಗೆ ಬಂದನು, ಯಾರ ಸಮ್ಮತಿಯಿಂದ ಬಂದನು, ಬೇರೆ ಕೇರಿಯಲ್ಲಿ ಮನೆಮಾಡಲು ಅವನಿಗೆ ಅವಕಾಶವಿದ್ದಿತೇ ಎಂಬ ಪ್ರಶ್ನೆಯನ್ನು ಕವಿಯೂ ಕೇಳುವುದಿಲ್ಲ, ವ್ಯಾಖ್ಯಾನಕಾರನೂ ಕೇಳುವುದಿಲ್ಲ. ಊರನ್ನು ಕುರಿತು ಬರೆದ ಕೃತಿಯ ಯೋಗ್ಯತೆಯನ್ನು ನಿರ್ಣಯಿಸುವುದಕ್ಕೆ ಈ ಪ್ರಶ್ನೆಯು ಅಲಂಕಾರಗಳ ಗಣನೆಗಿಂತ ಹೆಚ್ಚು ಉಪಯುಕ್ತವೆಂಬುದನ್ನು, ಬೆಳಗಾವಿ ಜಿಲ್ಲೆಯ ಹಳೆಯ ಉದ್ಯಮನಗರವಾದ ನಿಪ್ಪಾಣಿಯನ್ನು ಕಡೆಯಲ್ಲಿ ಎದುರಿಗಿಟ್ಟುಕೊಂಡು ಇಲ್ಲಿ ವಿಚಾರಿಸಲಾಗಿದೆ.

ಕಾವ್ಯವು ಬಿಟ್ಟುದನ್ನು ಶಾಸ್ತ್ರವು ಬಿಡಲಿಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ದುರ್ಗನಿವೇಶವೆಂಬ ಪ್ರಕರಣವಿದೆ. ಅದರ ಪ್ರಕಾರ ಪೂರ್ವದಿಂದ ಪಶ್ಚಿಮಕ್ಕೆ ಮೂರು, ದಕ್ಷಿಣದಿಂದ ಉತ್ತರಕ್ಕೆ ಮೂರು ರಾಜಮಾರ್ಗಗಳು, ಹನ್ನೆರಡು ಬಾಗಿಲುಗಳು, ಹತ್ತು ಮನೆಗಳಿಗೊಂದು ಬಾವಿ. ಉತ್ತರದಲ್ಲಿ ಬ್ರಾಹ್ಮಣರು, ಪೂರ್ವದಲ್ಲಿ ಕ್ಷತ್ರಿಯರು, ದಕ್ಷಿಣದಲ್ಲಿ ವೈಶ್ಯರು, ಪಶ್ಚಿಮದಲ್ಲಿ ಉಣ್ಣೆ, ನೂಲು, ಬಿದಿರು, ತೊಗಲುಗಳ ಕೆಲಸದವರೊಡನೆ ಶೂದ್ರರು. ಪಾಷಂಡರಿಗೂ ಚಂಡಾಲರಿಗೂ ಸ್ಮಶಾನದ ಅಂಚು. ಇಷ್ಟನ್ನು ಬಹುಮಂದಿ ಉದಾಹರಿಸುತ್ತಾರೆ. ಆದರೆ ಅದೇ ಪ್ರಕರಣದಲ್ಲಿ ಕುಟುಂಬಗಳ ಮೇರೆಯನ್ನು ಅವರವರ ಕರ್ಮಾಂತವನ್ನೂ ಕ್ಷೇತ್ರವನ್ನೂ ಅನುಸರಿಸಿ ನಿಲ್ಲಿಸಬೇಕೆಂಬ ಮತ್ತೊಂದು ವಿಧಿಯಿರುವುದನ್ನು ಅಷ್ಟಾಗಿ ಯಾರೂ ಗಮನಿಸಿದಂತಿಲ್ಲ. ಕರ್ಮಾಂತವೆಂದರೆ ಕೆಲಸ ನಡೆಯುವ ಸ್ಥಳ, ಈಗಿನ ಮಾತಿನಲ್ಲಿ ಕಾರ್ಖಾನೆ. ಒಂದು ವಿಧಿಯು ಹುಟ್ಟನ್ನು ನೋಡಿ ದಿಕ್ಕನ್ನು ಕೊಡುತ್ತದೆ; ಇನ್ನೊಂದು ಕೆಲಸವನ್ನು ನೋಡಿ ನೆಲವನ್ನು ಕೊಡುತ್ತದೆ. ಇವೆರಡೂ ಎಲ್ಲೆಡೆಯೂ ಹೊಂದಿಕೊಳ್ಳುವುದು ಸಾಧ್ಯವಿಲ್ಲ. ಅದನ್ನು ಅರಿತೇ ಇರಬೇಕು, ಶ್ರೇಣಿಗಳೂ ಪರಸ್ಥಳದ ವರ್ತಕಸಮೂಹಗಳೂ ನಡುನಡುವೆ ಉಳಿದ ಎಡೆಗಳಲ್ಲಿ ವಾಸಿಸಲೆಂದು ಶಾಸ್ತ್ರಕಾರನು ಸೇರಿಸಿರುವನು. ಊರು ಬೆಳೆಯುವುದು ಆ ಎಡೆಗಳಲ್ಲಿಯೇ.

ಮೂರನೆಯ ಅಧಿಕರಣದಲ್ಲಿ ಮನೆಯ ವಿಕ್ರಯದ ವಿಚಾರ ಬರುವುದು. ಮಾರುವ ಮನೆಯನ್ನು ಮೊದಲು ಜ್ಞಾತಿಗಳು, ಆಮೇಲೆ ನೆರೆಯವರು, ಆಮೇಲೆ ಸಾಲಕೊಟ್ಟವರು ಕೊಳ್ಳತಕ್ಕುದು, ಅನಂತರವೇ ಹೊರಗಿನವರು. ಮಾರಾಟವನ್ನು ನೆರೆಯ ನಲವತ್ತು ಕುಲಗಳವರ ಎದುರಿನಲ್ಲಿ ಸಾರಬೇಕು. ಎಂದರೆ ಹೊಸದಾಗಿ ಬರುವವನು ಕೇರಿಯನ್ನು ಆರಿಸುವುದಕ್ಕಿಂತ ಮುಂಚೆ ಕೇರಿಯು ಅವನನ್ನು ಆರಿಸಬೇಕು. ಇದರ ಮುಂದಿನ ಕಥೆಯನ್ನು ತಿಳಿಯಬೇಕಾದರೆ ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಗೆ ಬರಬೇಕು. ಗ್ರಾಮದವರು, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಅನುಮತಿಯಿಂದಲೂ ಹಿರಣ್ಯೋದಕಗಳ ದಾನದಿಂದಲೂ ಭೂಮಿಯು ಕೈಬದಲಾಗುತ್ತದೆಯೆಂಬ ಸ್ಮೃತಿವಚನವನ್ನು ಅವನು ಎತ್ತಿಕೊಂಡು, ಗ್ರಾಮದ ಅನುಮತಿಯು ವ್ಯವಹಾರವು ಪ್ರಕಾಶವಾಗಲೆಂದು, ನೆರೆಯವರ ಅನುಮತಿಯು ಮೇರೆಯ ವ್ಯಾಜ್ಯ ಹುಟ್ಟದಿರಲೆಂದು, ಅವಿಲ್ಲದಿದ್ದ ಮಾತ್ರಕ್ಕೆ ವಿಕ್ರಯವು ಅಸಿದ್ಧವಾಗದೆಂದು ನಿರ್ಣಯಿಸುತ್ತಾನೆ. ನೆರೆಯವನು ಹೀಗೆ ಆರಿಸುವ ಅಧಿಕಾರಿಯ ಪದವಿಯಿಂದ ಇಳಿದು ಸಾಕ್ಷಿಯಾದನು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಕನ್ನಡನಾಡಿನ ರಾಜಧಾನಿಯಲ್ಲಿ ಕುಳಿತು ಬರೆದ ಈ ನಾಲ್ಕು ಪಂಕ್ತಿಗಳಿಗೆ ನಗರಜೀವನದ ಚರಿತ್ರೆಯಲ್ಲಿ ದೊರೆಯಬೇಕಾದ ಗೌರವ ದೊರೆತಿಲ್ಲ. ವ್ಯವಹಾರದಲ್ಲಿ ನೆರೆಯವನು ಸಾಕ್ಷಿಯಾಗಿ ಸುಮ್ಮನಾದನೇ ಎಂಬುದು ಬೇರೆ ಪ್ರಶ್ನೆ.

ಸಂಸ್ಕೃತ ಕವಿಗಳಲ್ಲಿ ಈ ವಿಷಯಕ್ಕೆ ಕಣ್ಣುಳ್ಳವನು ಶೂದ್ರಕನೊಬ್ಬನು. ಮೃಚ್ಛಕಟಿಕದ ಚಾರುದತ್ತನು ಜಾತಿಯಿಂದ ಬ್ರಾಹ್ಮಣ. ಅವನ ಮನೆಯಿರುವುದು ಶ್ರೇಷ್ಠಿಚತ್ವರದಲ್ಲಿ, ಎಂದರೆ ಸೆಟ್ಟರ ಚೌಕದಲ್ಲಿ. ಸಾರ್ಥವಾಹವೃತ್ತಿಯು ಅವನ ಕುಟುಂಬವನ್ನು ಅಲ್ಲಿ ನಿಲ್ಲಿಸಿದೆ. ಐಶ್ವರ್ಯ ಹೋದ ಮೇಲೂ ಮನೆಯು ಅಲ್ಲಿಯೇ ಉಳಿದಿದೆ. ಪಾಟಲಿಪುತ್ರದಲ್ಲಿ ಗೃಹಸ್ಥನ ಮಗನಾಗಿ ಹುಟ್ಟಿದ ಸಂವಾಹಕನು ಉಜ್ಜಯಿನಿಗೆ ಬಂದು ಮೈಯೊತ್ತುವ ಕೆಲಸದಿಂದ ಜೀವಿಸುವನು. ಒಡೆಯನಿಗೆ ಬಡತನ ಬಂದೊಡನೆ ಅವನ ಆಶ್ರಯವೂ ಹೋಗುತ್ತದೆ. ಕೆಲಸವನ್ನರಸಿ ಪರಸ್ಥಳಕ್ಕೆ ಬಂದವನ ಪಾಡನ್ನು ಇಷ್ಟು ನೇರವಾಗಿ ಹೇಳಿದ ಪ್ರಾಚೀನ ನಾಟಕಗಳು ವಿರಳ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಅದರ ಎಲ್ಲ ಕಾಠಿಣ್ಯದೊಡನೆ ಎದುರಿಸಿದ ಕೃತಿಯೆಂದರೆ ರಾಘವಾಂಕನ ಹರಿಶ್ಚಂದ್ರಕಾವ್ಯ. ಈ ಕಾವ್ಯದ ವಿಮರ್ಶೆಯು ಸತ್ಯವ್ರತದ ಮಹಿಮೆಯನ್ನೂ ಷಟ್ಪದಿಯ ಓಟವನ್ನೂ ಸಂಭಾಷಣೆಯ ಚುರುಕನ್ನೂ ಕೊಂಡಾಡುವುದರಲ್ಲಿ ತೃಪ್ತಿಹೊಂದಿದೆ, ಅದು ಯುಕ್ತವೇ. ಆದರೆ ಕಾಶಿಯ ಭಾಗವನ್ನು ಊರಿನ ದೃಷ್ಟಿಯಿಂದ ಮತ್ತೊಮ್ಮೆ ಓದತಕ್ಕುದಾಗಿದೆ. ಕಾಶಿಗೆ ಬರುವಾಗ ಹರಿಶ್ಚಂದ್ರನು ಅರಸನಲ್ಲ, ಯಾತ್ರಿಕನೂ ಅಲ್ಲ; ಮಾರಾಟದ ಸರಕು. ಪುರವರ್ಣನೆಯ ಕವಿಯು ಯಾವ ಬೀದಿಯಲ್ಲಿ ವೈಭವವನ್ನು ನೋಡುತ್ತಿದ್ದನೋ ಆ ಬೀದಿಯಲ್ಲಿ ಅರಸನು ಮೊದಲು ಹೆಂಡತಿಯನ್ನೂ ಮಗನನ್ನೂ, ಆಮೇಲೆ ತನ್ನನ್ನೂ ಕೊಳ್ಳುವವರಿಗಾಗಿ ಕಾಯಬೇಕಾಗಿದೆ. ಕೊಂಡವರು ಇಬ್ಬರು. ಚಂದ್ರಮತಿಯೂ ಲೋಹಿತಾಶ್ವನೂ ಬ್ರಾಹ್ಮಣನ ಮನೆಗೆ ಹೋದರು. ಹರಿಶ್ಚಂದ್ರನು ವೀರಬಾಹುವಿನ ಆಳಾಗಿ ಸುಡುಗಾಡಿನ ಕಾವಲಿಗೆ ಹೋದನು. ಒಂದೇ ಊರಿನಲ್ಲಿ ಗಂಡಹೆಂಡಿರು ವಾಸವಾಗಿದ್ದರೂ ಒಬ್ಬರನ್ನೊಬ್ಬರು ನೋಡಲಾರರು. ಏಕೆಂದರೆ ಅವರ ನಡುವೆ ಅರ್ಥಶಾಸ್ತ್ರದ ನಕ್ಷೆಯೇ ಚಾಚಿಕೊಂಡಿದೆ. ಆ ನಕ್ಷೆಯನ್ನು ದಾಟುವುದಕ್ಕೆ ಉಳಿದ ದಾರಿಯೊಂದೇ, ಮಗನ ಹೆಣ. ಕರುಣರಸದ ಪರಾಕಾಷ್ಠೆಯೆಂದು ಎಲ್ಲರೂ ಹೇಳುವ ಸ್ಮಶಾನದ ಭೇಟಿಯು ದೈವಘಟನೆಯಿಂದ ಮಾತ್ರ ಆದುದಲ್ಲ, ಊರಿನ ವಿನ್ಯಾಸದಿಂದಲೂ ಆದುದು. ಹರಿಶ್ಚಂದ್ರನು ತೆರೆಯನ್ನು ಕೇಳುವಾಗ ಅವನ ಮಾತು ಸತ್ಯಸಂಧನ ಮಾತಾಗಿರುವಂತೆಯೇ ಕೇರಿಯ ಕಟ್ಟಳೆಯ ಮಾತೂ ಆಗಿರುವುದರಿಂದಲೇ ಆ ಸನ್ನಿವೇಶಕ್ಕೆ ಅಷ್ಟು ಬಿಗಿ ಬಂದಿದೆ. ಚಂಪೂಕವಿಗಳ ಎಷ್ಟೋ ಪುರವರ್ಣನೆಗಳನ್ನು ಒಂದು ತಕ್ಕಡಿಯಲ್ಲಿಟ್ಟು ಈ ಭಾಗವನ್ನು ಇನ್ನೊಂದರಲ್ಲಿಟ್ಟರೆ ತೂಕವು ಎತ್ತ ವಾಲುವುದೆಂದು ಸಹೃದಯರಿಗೆ ಹೇಳಬೇಕಾಗಿಲ್ಲ.

ಭೀಮಕವಿಯು 1369ರಲ್ಲಿ ಮುಗಿಸಿದ ಬಸವಪುರಾಣದಲ್ಲಿ ಶಿವನಾಗಮಯ್ಯನ ಪ್ರಸಂಗವೂ ಇದೇ ಜಾತಿಯದು. ಅಲ್ಲಿ ವಿವಾದಕ್ಕೆ ಕಾರಣವಾದುದು ಕೇರಿಯನ್ನು ದಾಟಿದ ಸಂಬಂಧವೇ.

ಆಧುನಿಕ ಕನ್ನಡದಲ್ಲಿ ನಿರಂಜನರ 'ರಂಗಮ್ಮನ ವಠಾರ' (1954) ಈ ದೃಷ್ಟಿಯಿಂದ ಉಲ್ಲೇಖಾರ್ಹವಾದ ಕಾದಂಬರಿ. ಬೆಂಗಳೂರಿನ ಒಂದು ವಠಾರ. ಬಾಡಿಗೆಯವಳೊಬ್ಬಳ ಮರಣದಿಂದ ಕಥೆಯ ಆರಂಭ. ತೆರವಾದ ಮನೆಗೆ ಯಾರು ಬರಬೇಕೆಂಬುದು ಮುದುಕಿ ರಂಗಮ್ಮನ ಚಿಂತೆ. ಕೌಟಿಲ್ಯನ ನಲವತ್ತು ಕುಲಗಳ ಅಧಿಕಾರವೆಲ್ಲವೂ ಇಲ್ಲಿ ಒಬ್ಬ ವಿಧವೆಯ ನಾಲಗೆಯ ತುದಿಗೆ ಬಂದು ಕುಳಿತಿದೆ. ವಿಜ್ಞಾನೇಶ್ವರನು ಕಿತ್ತುಕೊಂಡುದನ್ನು ಬಾಡಿಗೆಯ ಪದ್ಧತಿಯು ಹಿಂದಕ್ಕೆ ಕೊಟ್ಟಿತೆಂದು ವಿನೋದವಾಗಿ ಹೇಳಬಹುದು. ಕಾದಂಬರಿಯ ಶಿಲ್ಪದಲ್ಲಿ ಸಡಿಲತೆಯಿದೆಯೆಂಬ ಆಕ್ಷೇಪವು ನಿಜವಾದರೂ, ಮನೆಯನ್ನು ಹುಡುಕಿಕೊಂಡು ಬಂದವನು ಬಾಗಿಲಲ್ಲಿ ನಿಂತು ಉತ್ತರ ಹೇಳಬೇಕಾದ ಅವಸ್ಥೆಯನ್ನು ಕಾದಂಬರಿಯ ಕೇಂದ್ರದಲ್ಲಿರಿಸಿದುದು ಅಲ್ಪವಾದ ಸಾಧನೆಯಲ್ಲ.

ಇನ್ನು ನಿಪ್ಪಾಣಿಯ ನಿದರ್ಶನ. ವೇದಗಂಗಾ ದೂಧಗಂಗೆಗಳ ಸೀಮೆಯಲ್ಲಿ, ಪುಣೆ ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಈ ಊರು ಇತ್ತೀಚಿನವರೆಗೂ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದಿತು. ದೇಸಾಯಿ ನಿಂಬಾಳಕರರ ವಾಡೆಯು ಊರಿನ ಹಳೆಯ ನಡುಭಾಗ. ಊರನ್ನು ಬೆಳೆಸಿದುದು ತಂಬಾಕಿನ ವ್ಯಾಪಾರ. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆಯು 60 ಸಾವಿರವನ್ನು ಮೀರಿದ್ದಿತು. ಇಲ್ಲಿ ಊರಿನ ಭಾಗಗಳ ಹೆಸರುಗಳೇ ಒಂದು ಶಬ್ದಶಾಸ್ತ್ರಪಾಠ. ಕನ್ನಡದ ಓಣಿಗೆ ಪ್ರತಿಯಾಗಿ ಗಲ್ಲಿ. ಅಗಸಿಗೆ ಪ್ರತಿಯಾಗಿ ವೇಸು, ಜತ್ರಾಟ ವೇಸು ಎಂಬಂತೆ. ಇವೆಲ್ಲವುಗಳ ಹೊರಗೆ, ಹೊಲಗಳನ್ನು ಮುರಿದು ಮಾಡಿದ ಪ್ಲಾಟುಗಳಿಗೆ 'ನಗರ'ವೆಂಬ ಉತ್ತರಪದ. ದಂಡಿಯು ಇಡೀ ಪಟ್ಟಣಕ್ಕೆ ಬಳಸಿದ ಶಬ್ದವು ಊರಿನ ಅಂಚಿನ ಹೊಸ ಬಡಾವಣೆಯ ಹೆಸರಿಗೆ ಇಳಿದಿರುವುದು ಒಂದು ಕಡೆ. ಹಳಗನ್ನಡದಲ್ಲಿ ಎಲ್ಲರ ಬೀದಿಗೂ ಸಲ್ಲುತ್ತಿದ್ದ 'ಕೇರಿ'ಯು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಬಹುಮಟ್ಟಿಗೆ ದಲಿತರ ವಾಸಸ್ಥಾನಕ್ಕೇ ಉಳಿದು ಇತರರದೆಲ್ಲ ಓಣಿಯಾಗಿರುವುದು ಇನ್ನೊಂದು ಕಡೆ. ಶಬ್ದಗಳ ಈ ಏರಿಳಿತದಲ್ಲಿಯೇ ಯಾರು ಎಲ್ಲಿ ವಾಸಿಸಬಹುದೆಂಬ ತೀರ್ಪು ಅಡಗಿದೆ. 1925ರ ಏಪ್ರಿಲ್ ತಿಂಗಳಲ್ಲಿ ಡಾ. ಅಂಬೇಡ್ಕರರು ಮುಂಬಯಿ ಪ್ರಾಂತದ ಅಸ್ಪೃಶ್ಯವರ್ಗಗಳ ಪರಿಷತ್ತನ್ನು ನಡೆಯಿಸಿದುದು ಇದೇ ನಿಪ್ಪಾಣಿಯಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ನೂಲಿನ ಗಿರಣಿಯ ಊರಾದ ಗೋಕಾಕ ಫಾಲ್ಸ್‌ನಲ್ಲಿ ಗಿರಣಿಯೇ ಕೆಲಸದವರಿಗೆ ಮನೆಗಳನ್ನು ಕಟ್ಟಿಸಿತು. ಅಲ್ಲಿ ಕೇರಿಯ ಆಯ್ಕೆಯೆಂಬುದು ಕೆಲಸದ ಆಯ್ಕೆಯಲ್ಲಿ ಲೀನವಾಯಿತು. ನಿಪ್ಪಾಣಿಯ ಉದ್ಯಮದ ರೀತಿ ಬೇರೆ. ತಂಬಾಕನ್ನು ಕುಟ್ಟಿ ಜರಡಿಹಿಡಿದು ಹಸನುಮಾಡುವ ಕೆಲಸವು ವಖಾರಿಗಳಲ್ಲಿ. ಬೀಡಿ ಕಟ್ಟುವ ಕೆಲಸವು ಬಹುಮಟ್ಟಿಗೆ ಮನೆಗಳಲ್ಲಿ. ಎರಡನ್ನೂ ಮಾಡುವವರು ಹೆಚ್ಚಾಗಿ ಹೆಂಗಸರು. ಬೀಡಿ ಕಟ್ಟುವವಳು ಎಲೆಯನ್ನೂ ತಂಬಾಕನ್ನೂ ತಂದು, ಮೊರವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟಿ, ಸಾವಿರಕ್ಕಿಷ್ಟೆಂದು ಲೆಕ್ಕಕೊಟ್ಟು, ಕಳಪೆಯೆಂದು ತೆಗೆದುಹಾಕಿದ್ದನ್ನು ಸಹಿಸಿ ಹಿಂತಿರುಗಬೇಕು. ಆದುದರಿಂದ ಎಲೆ ಕೊಡುವ ಸ್ಥಳದಿಂದ ನಡೆದುಹೋಗುವಷ್ಟು ದೂರವೇ ಅವಳ ಮನೆಯ ಮೇರೆ. ಮನೆಯೇ ಕರ್ಮಾಂತವಾದ ಮೇಲೆ ಗಾಳಿ, ಬೆಳಕು, ನೆರೆ, ಶಾಲೆ ಇವುಗಳನ್ನು ನೋಡಿ ಓಣಿಯನ್ನು ಆರಿಸುವ ಸ್ವಾತಂತ್ರ್ಯವು ಎಲ್ಲಿಯದು? ತಂಬಾಕಿನ ಘಾಟಿನಿಂದ ದೂರ ಸರಿದು ಹೊರವಲಯದ ನಗರಗಳಿಗೆ ಹೋಗಬಲ್ಲವರು, ಆ ಘಾಟಿನಿಂದಲೇ ಹೊಟ್ಟೆಹೊರೆಯದವರು. 1966ರ ಬೀಡಿ ಕಾರ್ಮಿಕರ ಕಾಯಿದೆಯು ಕೆಲಸದ ಕಟ್ಟಡಗಳಿಗೆ ಪರವಾನಗಿಯನ್ನು ವಿಧಿಸಿತು. ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದು ಗಣಿಸಿತು. 1976ರ ಕಲ್ಯಾಣನಿಧಿಯಿಂದ ಮನೆ ಕಟ್ಟಿಕೊಳ್ಳುವುದಕ್ಕೂ ನೆರವು ದೊರೆಯುವಂತಾಯಿತು. ಅಥಣಿಯ ಚರ್ಮಕಾರರ ಸ್ಥಿತಿಯೂ ಇದಕ್ಕೆ ಹತ್ತಿರದ್ದು. ಮನೆಯಂಗಳವೇ ಅವರ ಕಾರ್ಖಾನೆ. ಅವರು ಹೊಲಿದ ಚಪ್ಪಲಿಯು ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾಗುವುದು ಮಾತ್ರ ಹೆಚ್ಚಿನ ವಿಡಂಬನೆ.

ಈ ವಖಾರಿಗಳ ಹೆಂಗಸರು ಸಂಘಟಿತರಾದ ವೃತ್ತಾಂತವನ್ನು 'ಯುಗಾಂತರ' ಎಂಬ ತಂಡವು 1982ರಲ್ಲಿ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಚಲಚ್ಚಿತ್ರವಾಗಿ ತೆಗೆಯಿತು. ನಿರ್ದೇಶಕಿ ದೀಪಾ ಧನರಾಜ್. ಅದರ ಹಿಂದಿನ ವರ್ಷ, 1981ರ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ, ಶರದ ಜೋಶಿಯವರ ನಾಯಕತ್ವದಲ್ಲಿ ತಂಬಾಕಿನ ಬೆಳೆಗಾರರು ಹೆದ್ದಾರಿಯ ಮೇಲೆಯೇ ವಾರಗಟ್ಟಲೆ ಬೀಡುಬಿಟ್ಟರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಮಡಿದರು. ರೈತನು ಬಂದು ರಸ್ತೆಯಲ್ಲಿ ಊರು ಕಟ್ಟಿದುದು ಪತ್ರಿಕೆಗಳಲ್ಲಿ ಬಂದಿತು. ವಖಾರಿಯ ಹೆಂಗಸು ಕೆಲಸ ಮುಗಿಸಿ ಹಿಂತಿರುಗುವ ಓಣಿಯ ಕಥೆಯನ್ನು ಹೇಳಬೇಕಾದುದು ಸಾಹಿತ್ಯ. ಚಲಚ್ಚಿತ್ರವು ಅವಳ ಮಾತನ್ನು ಅವಳ ನಾಲಗೆಯಲ್ಲಿಯೇ, ಮರಾಠಿಯಲ್ಲಿಯೇ ಉಳಿಸಿಕೊಟ್ಟಿತು. ಆದರೆ ಅದರ ಕಣ್ಣು ಹೆಚ್ಚಾಗಿ ವಖಾರಿಯ ಕೆಲಸದ ಮೇಲೂ ಸಂಘಟನೆಯ ಮೇಲೂ ನೆಟ್ಟಿದೆ. ಅದು ಅದರ ಉದ್ದೇಶಕ್ಕೆ ತಕ್ಕುದೇ. ಕಾದಂಬರಿಕಾರನಿಗೆ ಮಾತ್ರ ಅಷ್ಟರಿಂದ ಸಾಲದು. ರಾಘವಾಂಕನು ಚಂದ್ರಮತಿಯನ್ನು ಬ್ರಾಹ್ಮಣನ ಮನೆಯ ಒಳಗೂ ಸುಡುಗಾಡಿನ ಕತ್ತಲೆಗೂ ಹಿಂಬಾಲಿಸಿದಂತೆ ಈಗಿನ ಲೇಖಕನು ಅವಳನ್ನು ಎಲೆ ಕೊಡುವ ಕಟ್ಟೆಯಿಂದ ಮನೆಯ ಹೊಸ್ತಿಲವರೆಗೂ, ಬಾಡಿಗೆಯ ಮಾತುಕತೆಯವರೆಗೂ ಹಿಂಬಾಲಿಸಬೇಕಾಗುವುದು.

ಅಂತಹ ಲೇಖಕನು ಯಾವ ಭಾಷೆಯಲ್ಲಿ ಬರೆಯುವನೆಂಬ ಪ್ರಶ್ನೆಗೂ ಕೇರಿಗೂ ಸಂಬಂಧವಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಮೇರೆಯು ನಿಪ್ಪಾಣಿಯ ಮಗ್ಗುಲಿನಲ್ಲಿಯೇ ಹಾದುಹೋಯಿತು. ಊರಿಗೆ ಅಂಟಿಕೊಂಡಂತಿರುವ ಅರ್ಜುನನಗರವು ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲ್ಲೂಕಿಗೆ ಸೇರಿದುದು. ದೇವಚಂದ ಕಾಲೇಜು ಇರುವುದು ಅಲ್ಲಿ. ನಿಪ್ಪಾಣಿಯ ಓಣಿಯಿಂದ ಪುಸ್ತಕ ಹಿಡಿದು ಹೊರಟ ವಿದ್ಯಾರ್ಥಿನಿಯು ಕರ್ನಾಟಕದಲ್ಲಿ ಊಟಮಾಡಿ ಮಹಾರಾಷ್ಟ್ರದಲ್ಲಿ ಪಾಠ ಕೇಳಿ, ಸಂಜೆಯ ಹೊತ್ತಿಗೆ, ತಾಯಿಯ ಮೊರದ ಎದುರಿಗೆ ಬಂದು ಕುಳಿತುಕೊಳ್ಳಬಲ್ಲಳು.