ಕಮಾನಿಲ್ಲದ ಬಾಖ್

ಪಿಟೀಲು ನುಡಿಸುವವರ ಬಲಗೈಯನ್ನು ನೀವು ಗಮನಿಸಿರಬಹುದು. ಸ್ವರವು ಹುಟ್ಟಿದ ಮೇಲೆಯೂ ಕಮಾನು ಅದನ್ನು ಪೋಷಿಸುತ್ತಲೇ ಇರುತ್ತದೆ. ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಮುಂದಿನ ಸ್ವರದ ಕೈಗೆ ಒಪ್ಪಿಸುತ್ತದೆ. ಮರಿಂಬಾಕ್ಕೆ ಈ ಭಾಗ್ಯವಿಲ್ಲ. ಸಾಲಾಗಿ ಜೋಡಿಸಿದ ಮರದ ಪಟ್ಟಿಯ ಮೇಲೆ ನೂಲು ಸುತ್ತಿದ ಕೋಲು ಬೀಳುತ್ತದೆ, ಕೆಳಗಿನ ಕೊಳವೆ ನಾದವನ್ನು ತುಂಬಿಕೊಡುತ್ತದೆ, ಮರುಕ್ಷಣದಿಂದಲೇ ಅದು ಕ್ಷೀಣಿಸತೊಡಗುತ್ತದೆ. (ಉತ್ತಮ ವಾದ್ಯಗಳ ಪಟ್ಟಿಗಳು ಹೊಂಡುರಾಸ್ ರೋಸ್‌ವುಡ್ ಎಂಬ ಮರದವು, ನಮ್ಮ ಮಲೆನಾಡಿನ ಬೀಟೆಯ ದಾಯಾದಿ ಅದು.) ಹೀಗಿರುವಾಗ, ಕಮಾನಿಗೆಂದೇ ಬರೆದ ಬಾಖ್‌ನ ಕೃತಿಗಳನ್ನು ಈ ವಾದ್ಯದಲ್ಲಿ ನುಡಿಸುವುದು ಯುಕ್ತವೇ?

ಪರಿಶುದ್ಧತೆಯ ಹೆಸರಿನಲ್ಲಿ ಸಲ್ಲದೆಂದುಬಿಡುವುದು ಸುಲಭ. ಆದರೆ ಅದಕ್ಕೆ ಬಾಖ್‌ನೇ ಅಡ್ಡ ನಿಲ್ಲುತ್ತಾನೆ. ಒಂಟಿ ಪಿಟೀಲಿಗಾಗಿ ಬರೆದು 1720ರಲ್ಲಿ ತಾನೇ ನಕಲು ತೆಗೆದ ಆರು ಕೃತಿಗಳಲ್ಲಿ ಕೊನೆಯದರ ಪ್ರೆಲ್ಯೂಡನ್ನು ಅವನು 1731ರಲ್ಲಿ ಲೈಪ್‌ಜಿಗ್‌ನಲ್ಲಿ ಆರ್ಗನ್ನಿಗೆ ವಹಿಸಿದನು. ಅದಕ್ಕೆ ತುತ್ತೂರಿ ನಗಾರಿಗಳನ್ನು ಕೂಡಿಸಿ, ದೇವರಿಗೆ ಕೃತಜ್ಞತೆ ಸಲ್ಲಿಸುವ 29ನೆಯ ಕಂಟಾಟಾದ ಆರಂಭವಾಗಿಸಿದನು. ಚೆಲ್ಲೊ ವಾದ್ಯದ ಐದನೆಯ ನೃತ್ಯಮಾಲಿಕೆಯನ್ನು, ಕಮಾನೇ ಇಲ್ಲದ ಲ್ಯೂಟ್‌ಗೆ ಅಳವಡಿಸಿದವನೂ ಅವನೇ. ಆದುದರಿಂದ ಅಳವಡಿಸಬಹುದೇ ಎಂಬುದಲ್ಲ, ಅಳವಡಿಸಿದಾಗ ಏನು ಉಳಿಯಿತು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಮೊದಲನೆಯ ಚೆಲ್ಲೊ ಮಾಲಿಕೆಯ ಪ್ರೆಲ್ಯೂಡಿನಲ್ಲಿ ಬಹುಮಟ್ಟಿಗೆ ಎಲ್ಲವೂ ಉಳಿಯುತ್ತದೆ. ಐದು ಸಪ್ತಕದ ಮರಿಂಬಾ ಚೆಲ್ಲೊದ ಅತಿ ಕೆಳಗಿನ ಸ್ವರವನ್ನೂ ಮುಟ್ಟಬಲ್ಲದು, ಶ್ರುತಿ ಬದಲಿಸಬೇಕಾಗಿಲ್ಲ. ಸಮಗತಿಯಲ್ಲಿ ಹರಿಯುವ ಚಿಕ್ಕ ಸ್ವರಗಳಿಗೆ ದೀರ್ಘವಾದ ಉಸಿರು ಬೇಡ. ಒಂದೇ ಎಳೆಯಲ್ಲಿ ಅಡಗಿರುವ ಎರಡು ಮೂರು ದನಿಗಳು ಮರದ ಮೇಲೆ ಇನ್ನಷ್ಟು ಸ್ಪಷ್ಟವಾಗಿಯೇ ಕೇಳುತ್ತವೆ. ತಗ್ಗಿನ ಪಟ್ಟಿಗಳ ನಾದ ಹೆಚ್ಚು ಹೊತ್ತು ನಿಲ್ಲುವುದರಿಂದ ಮೇಲಿನ ಸ್ವರಗಳಿಗೆ ತಾನಾಗಿಯೇ ನೆಲಗಟ್ಟು ಒದಗುತ್ತದೆ.

ಐದನೆಯ ಮಾಲಿಕೆಯ ಸರಬಾಂದಿನ ಮಾತು ಬೇರೆ. ಅಲ್ಲಿ ಜೊತೆಸ್ವರಗಳೇ ಇಲ್ಲ. ನಿಧಾನವಾಗಿ ನಡೆಯುವ ಒಂದೇ ಎಳೆ. ಸ್ವರ ಸಾಯುತ್ತದೆಂಬ ಭಯದಿಂದ ಅನೇಕ ವಾದಕರು ರೋಲ್‌ನ ಮೊರೆಹೋಗುತ್ತಾರೆ. ರೋಲ್ ಎಂದರೆ ಕೋಲುಗಳಿಂದ ಎಡೆಬಿಡದೆ ಬಡಿದು ಸ್ವರವನ್ನು ಹಿಡಿದು ನಿಲ್ಲಿಸುವುದು. ಲೀ ಹೋವರ್ಡ್ ಸ್ಟೀವನ್ಸ್ ಅವರು 1979ರಲ್ಲಿ ಪ್ರಕಟಿಸಿದ ನಾಲ್ಕು ಕೋಲುಗಳ ಪಾಠಪುಸ್ತಕದ ಬಳಿಕ, ಒಂದೇ ಕೈಯಿಂದ ರೋಲ್ ಮಾಡುವ ಕೌಶಲವೂ ವ್ಯಾಪಕವಾಯಿತು. ಕೌಶಲವೇನೋ ಮೆಚ್ಚತಕ್ಕದ್ದೇ. ಆದರೆ ಈ ಸರಬಾಂದಿನಲ್ಲಿ ಅದು ನನಗೆ ದುಃಖದ ಮನೆಯಲ್ಲಿ ಮಾತು ನಿಲ್ಲಿಸದವರಂತೆ ತೋರುತ್ತದೆ. ಬಡಿದು, ಸ್ವರವನ್ನು ಅದರ ಪಾಡಿಗೆ ಬಿಟ್ಟು, ಮುಂದಿನದಕ್ಕಾಗಿ ಕಾಯುವ ಧೈರ್ಯವುಳ್ಳ ವಾದಕರೂ ಇದ್ದಾರೆ. ಅವರ ಕೈಯಲ್ಲಿ ಎರಡು ಸ್ವರಗಳ ನಡುವಣ ಮೌನವನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ. ಚೆಲ್ಲೊ ನಮಗಾಗಿ ಮಾಡಿಕೊಡುತ್ತಿದ್ದ ಕೆಲಸವನ್ನು ಇಲ್ಲಿ ನಾವೇ ಮಾಡಬೇಕಾಗುತ್ತದೆ.

ನನ್ನ ನಿಜವಾದ ತಕರಾರು ಇರುವುದು ಎರಡನೆಯ ಪಾರ್ಟಿಟಾದ ಶಕೋನ್ ಬಗ್ಗೆ. ಅದರಲ್ಲಿ ನಾಲ್ಕು ಸ್ವರಗಳು ಒಟ್ಟಿಗೆ ಬರುವೆಡೆಗಳಿವೆ. ಪಿಟೀಲಿನ ಕುದುರೆ ಬಾಗಿರುವುದರಿಂದ ಕಮಾನು ನಾಲ್ಕೂ ತಂತಿಗಳನ್ನು ಏಕಕಾಲಕ್ಕೆ ಹಿಡಿದಿರಲಾರದು. ಕೆಳಗಿನೆರಡನ್ನು ಮುಟ್ಟಿ ಮೇಲಿನೆರಡಕ್ಕೆ ಹಾರಬೇಕು. ಆ ಪ್ರಯಾಸವು ಕೃತಿಯ ಹೊರಗಿನದಲ್ಲ. ನಾಲ್ಕು ಕೋಲು ಹಿಡಿದ ಮರಿಂಬಾ ವಾದಕರಿಗೋ ಅದು ಒಂದೇ ಏಟಿನ ಕೆಲಸ. ಬ್ರಾಮ್ಸ್‌ಗೆ ಇದು ಚೆನ್ನಾಗಿ ತಿಳಿದಿತ್ತು. 1877ರಲ್ಲಿ ಶಕೋನ್ ಅನ್ನು ಪಿಯಾನೋಗೆ ತಂದಾಗ, ಎರಡು ಕೈಗಳ ಅನುಕೂಲವಿದ್ದರೂ ಅವನು ಎಡಗೈಯೊಂದಕ್ಕೇ ಬರೆದನು. ಮುಂದೆ ಬುಸೋನಿ ಎರಡೂ ಕೈಗಳಿಗೆ ಬರೆದುದು ಭವ್ಯವಾಗಿದೆ, ನಿಜ. ಆದರೆ ನನ್ನ ಮನಸ್ಸು ಬ್ರಾಮ್ಸ್‌ನ ಒಂಟಿ ಕೈಯ ಕಡೆಗೇ ಹೋಗುತ್ತದೆ.

ಅವಕಾಶ ದೊರೆತಾಗ ಶಕೋನ್ ಅನ್ನು ಮೊದಲು ಪಿಟೀಲಿನಲ್ಲಿ, ಅನಂತರ ಮರಿಂಬಾದಲ್ಲಿ ಆಲಿಸಿರಿ. ಅಷ್ಟೆಲ್ಲ ಸ್ವರಗಳು ಕಳೆದ ಮೇಲೆ ಅದು ತಾನು ಹೊರಟ 'ಡಿ' ಸ್ವರಕ್ಕೇ ಬಂದು ನಿಲ್ಲುತ್ತದೆ. ವಾದಕರು ಅದನ್ನು ರೋಲ್ ಮಾಡಿ ಎಳೆಯುತ್ತಾರೋ, ಒಮ್ಮೆ ಬಡಿದು ಕೋಲನ್ನು ಮೇಲೆತ್ತುತ್ತಾರೋ ಗಮನಿಸಿರಿ.