ಗೆದ್ದ ದಿನದ ಮರುದಿನ

ಚಿತ್ರದುರ್ಗದ ಕೋಟೆಗೆ ಹೋದವರಲ್ಲಿ ಅನೇಕರು ಜ್ಯೋತಿರಾಜ್ ಅವರು ಗೋಡೆ ಹತ್ತುವುದನ್ನು ನೋಡಿರಬಹುದು. ತಮಿಳುನಾಡಿನಿಂದ ಬಂದು ದುರ್ಗದವರೇ ಆಗಿಬಿಟ್ಟ, ಜನ ಪ್ರೀತಿಯಿಂದ ‘ಕೋತಿರಾಜ್’ ಎಂದು ಕರೆಯುವ ಈ ಸಾಹಸಿ ಹಗ್ಗದ ಹಂಗಿಲ್ಲದೆ, ಕಲ್ಲುಗಳ ಸಂದಿನಲ್ಲಿ ಬೆರಳ ತುದಿಯಿಟ್ಟು ಮೇಲೇರುವುದನ್ನು ನಾನೂ ಕತ್ತೆತ್ತಿ ನೋಡಿದ್ದೇನೆ. ಮನೆಗೆ ಬಂದು ಒಂದು ಲೇಖನವನ್ನೂ ಬರೆದೆ. ಅದರಲ್ಲಿ ಹನುಮಂತ ಬಂದ, ಸಮುದ್ರಲಂಘನ ಬಂತು, ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತುತ್ತಿದ್ದರೆಂಬ ಹಳೆಯ ಕಥೆಯೂ ಬಂತು. ಮೊನ್ನೆ ಅದನ್ನು ಮತ್ತೆ ಓದಿದಾಗ ನಾಚಿಕೆಯಾಯಿತು. ಈ ಮನುಷ್ಯನ ಊಟವೇನು, ಬೆರಳು ಉಳುಕಿದ ದಿನ ಗತಿಯೇನು, ಮೈ ಮಾತು ಕೇಳದ ವಯಸ್ಸಿನಲ್ಲಿ ಜೀವನಕ್ಕೇನು ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಅವರ ಹೆಸರಿನಲ್ಲಿ ಚಲನಚಿತ್ರವಾಯಿತು. ೨೦೧೮ರಲ್ಲಿ ಜೋಗದ ಪ್ರಪಾತದಲ್ಲಿ ಕಣ್ಮರೆಯಾಗಿ ಮತ್ತೆ ಸಿಕ್ಕಿದಾಗ ನಾಡೆಲ್ಲ ಸುದ್ದಿಯಾಯಿತು. ಸುದ್ದಿಯಿಲ್ಲದ ದಿನಗಳ ಲೆಕ್ಕವನ್ನು ನಾನಂತೂ ಕೇಳಲಿಲ್ಲ.

ತಪ್ಪು ನನ್ನೊಬ್ಬನದಲ್ಲವೆಂದು ಸಮಾಧಾನ ಮಾಡಿಕೊಳ್ಳುವುದಕ್ಕಾಗಿ ನಮ್ಮ ಸಾಹಿತ್ಯವನ್ನು ತಿರುವಿಹಾಕಿದೆ. ಸಮಾಧಾನ ಧಾರಾಳವಾಗಿಯೇ ದೊರೆಯಿತು!

ಮೈಯ ಬಲವನ್ನು ಕಿವಿಗೆ ಕೇಳುವಂತೆ ಹೇಳುವುದರಲ್ಲಿ ರನ್ನನ ‘ಗದಾಯುದ್ಧ’ಕ್ಕೆ ಸಮನಾದುದು ನಮ್ಮಲ್ಲಿ ಇನ್ನೊಂದಿಲ್ಲವೆಂದು ನನ್ನ ಎಣಿಕೆ. ಆದರೆ ಅಲ್ಲಿ ನಾವು ಕಾಣುವುದು ಒಂದು ದಿನದ ಮೈಯನ್ನು. ವ್ಯಾಸಭಾರತದಲ್ಲಿ ಒಂದು ಸಣ್ಣ ಮಾತು ಬರುತ್ತದೆ. ಭೀಮನ ಕಬ್ಬಿಣದ ಪ್ರತಿಮೆಯೊಂದನ್ನು ಮುಂದಿಟ್ಟುಕೊಂಡು ದುರ್ಯೋಧನ ಹದಿಮೂರು ವರ್ಷ ಗದೆಯ ಅಭ್ಯಾಸ ಮಾಡಿದನಂತೆ. ಹದಿಮೂರು ವರ್ಷ! ದಿನವೂ ಎದ್ದು, ಬೊಬ್ಬೆಯೆದ್ದ ಅಂಗೈಯಿಂದ, ಎದುರಿಗಿಲ್ಲದ ಶತ್ರುವಿಗಾಗಿ ಕಬ್ಬಿಣವನ್ನು ಬಡಿಯುವವನ ಬಾಳು ಎಂಥ ಕಾವ್ಯವಸ್ತು! ಕೃಷ್ಣನ ಬಾಯಲ್ಲಿ ಪಾಂಡವರಿಗೊಂದು ಎಚ್ಚರಿಕೆಯಾಗಿ ಬಂದು ಅದು ಅಲ್ಲಿಗೇ ಮುಗಿದುಹೋಗುತ್ತದೆ. ತೊಡೆ ಮುರಿದದ್ದು ಎಲ್ಲರಿಗೂ ಗೊತ್ತು. ತೋಳು ಬೆಳೆದದ್ದು ಯಾರಿಗೂ ಬೇಡ.

ದುರ್ಗದ ಮಾತು ಬಂದಮೇಲೆ ತ.ರಾ.ಸು. ಅವರನ್ನು ಬಿಡುವಂತಿಲ್ಲ. ೧೭೭೯ರಲ್ಲಿ ಹೈದರಾಲಿಯ ಕೈಗೆ ಕೋಟೆ ಬಿದ್ದ ಕಥೆಯನ್ನು ಹೇಳುವ ‘ದುರ್ಗಾಸ್ತಮಾನ’ ೧೯೮೨ರಲ್ಲಿ ಬಂತು. ೧೯೮೫ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಾಗ ಕರ್ತೃ ಬದುಕಿರಲಿಲ್ಲ. ನಾನು ಆ ಕಾದಂಬರಿಯ ಅಭಿಮಾನಿ. ಆದರೂ ಅದರ ಕಣ್ಣು ನೆಟ್ಟಿರುವುದು ಮದಕರಿನಾಯಕನ ಮೇಲೆ, ಅವನ ಸುತ್ತಲಿನ ರಾಜಕಾರಣದ ಮೇಲೆ. ಆ ಕಡಿದಾದ ಗುಡ್ಡಗಳನ್ನು ದಿನವೂ ಹತ್ತಿಳಿದು ಸಂಬಳಕ್ಕೆ ಮೈ ದಂಡಿಸಿದವರು ಅಲ್ಲಿ ಹಿನ್ನೆಲೆಗೆ ಸರಿದಿದ್ದಾರೆ. ಒನಕೆ ಓಬವ್ವನ ಕಥೆಯನ್ನೇ ನೋಡಿ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (೧೯೭೨) ನೋಡಿದ ನಮಗೆಲ್ಲ ನೆನಪಿರುವುದು ಎತ್ತಿದ ಒನಕೆ. ಕಥೆ ಮೊದಲಾಗುವುದು ಮಾತ್ರ ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದದ್ದರಿಂದ. ಕಾವಲುಗಾರನಿಗೂ ಹೊತ್ತಿಗೆ ಹಸಿವಾಗುತ್ತದೆ ಎಂಬ ಸಾಧಾರಣ ಸಂಗತಿ ಇಲ್ಲದಿದ್ದರೆ ಆ ಅಸಾಧಾರಣ ಸಾಹಸವೇ ಇಲ್ಲ. ಹೇಳುವವರು ಆ ಊಟವನ್ನು ಅವಸರದಲ್ಲಿ ದಾಟಿ ಕಿಂಡಿಗೆ ಓಡುತ್ತಾರೆ.

ಇದಕ್ಕೆ ಅಪವಾದವಾಗಿ ನನಗೆ ಕಂಡದ್ದು ಕವಿಯ ಕೃತಿಯಲ್ಲ, ಅರಸನೊಬ್ಬನದು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಪ್ರಕರಣವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದು, ಅವರ ಆಹಾರ, ಸಾಮು, ಗೆದ್ದವರಿಗೆ ಸಲ್ಲುವ ಉಡುಗೊರೆ ಎಲ್ಲವೂ ಅಲ್ಲುಂಟು. ಸಾಕುವವನಿಗೆ ಖರ್ಚು ಗೊತ್ತಿತ್ತು. ಹೊಗಳುವವನಿಗೆ ಗೊತ್ತಿರಬೇಕಾದ ಅಗತ್ಯ ಬೀಳಲಿಲ್ಲ. ನಮ್ಮ ಕಾಲದಲ್ಲಿ ಸರ್ಕಾರ ಮಾಜಿ ಪೈಲವಾನರಿಗೆ ಮಾಸಾಶನದ ಏರ್ಪಾಡು ಮಾಡಿದೆ. ಕಾದಂಬರಿಕಾರರಿಗೆ ಹೊಳೆಯದ ಅಧ್ಯಾಯ ಗುಮಾಸ್ತರ ಕಡತಕ್ಕೆ ಹೊಳೆದಿದೆಯೆಂದರೆ ಲೇಖಕರಾದ ನಾವು ಕೋಪಿಸಿಕೊಳ್ಳುವಂತಿಲ್ಲ.

ಹಾಗೆಂದು ಆ ಬಾಳೆಲ್ಲ ಬರಿಯ ಗೋಳೆಂದು ಬರೆದರೆ ಅದೂ ಸುಳ್ಳೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ಜಾತ್ರೆಯ ಜಂಗಿ ಕುಸ್ತಿ ಕಂಡವರಿಗೆ ಗೊತ್ತು: ಎದುರಾಳಿಯನ್ನು ಚಿತ್ ಮಾಡಿದವನನ್ನು ಜನ ಹೆಗಲ ಮೇಲೆ ಹೊತ್ತು ಕುಣಿಯುವಾಗ ಆ ಮುಖದಲ್ಲಿರುವ ಬೆಳಕು ಬೆಳ್ಳಿ ಕಡಗದಿಂದ ಬಂದದ್ದಲ್ಲ. ನನ್ನಂಥವನಿಗೆ ಒಂದು ಪುಸ್ತಕ ಬರೆದರೂ ಅದು ಸಿಕ್ಕುವುದಿಲ್ಲ. ಹಾಲು, ತುಪ್ಪ, ಬಾದಾಮಿಗೆ ಆದ ಸಾಲದ ಮಗ್ಗುಲಲ್ಲೇ ಈ ಬೆಳಕನ್ನೂ ಇಟ್ಟು ಬರೆಯಬಲ್ಲ ಲೇಖಕ ನಮಗೆ ಬೇಕಾಗಿದ್ದಾನೆ.

ಹೊಳಲ್ಕೆರೆಯ ಕಡೆಯ ಒಂದು ಜಾತ್ರೆಯಲ್ಲಿ ಹುಡುಗರಿಗೆ ಜೋಡಿ ಕಟ್ಟುತ್ತಿದ್ದ ಮುದುಕರೊಬ್ಬರ ಪಕ್ಕದಲ್ಲಿ ಕುಳಿತಿದ್ದೆ. ಕಿವಿಗಳೆರಡೂ ಮುದುಡಿ ಗಂಟಾಗಿದ್ದವು; ಪಟ್ಟು ಹಿಡಿದವರ ಗುರುತು ಅದು. ಎಷ್ಟು ಕುಸ್ತಿ ಗೆದ್ದಿದ್ದೀರಿ ಯಜಮಾನರೇ ಎಂದು, ಬುದ್ಧಿ ಬಾರದವನಂತೆ, ಮತ್ತೆ ಅದನ್ನೇ ಕೇಳಿದೆ.

“ಅದ್ಯಾರು ಎಣಿಸ್ತಾರೆ ಸ್ವಾಮಿ. ಕುಸ್ತಿ ಬಿಟ್ಟು ಮೂವತ್ತು ವರ್ಷ ಆತು. ಹಸಿವು ಮಾತ್ರ ನನ್ನ ಬಿಟ್ಟಿಲ್ಲ. ಮನೇಲಿ ಇವತ್ತಿಗೂ ನನಗೇಂತ ಎರಡು ಮುದ್ದೆ ಜಾಸ್ತಿ ಕಟ್ತಾರೆ. ಸೊಸೆ ಒಳ್ಳೇಳು, ಏನೂ ಅನ್ನಲ್ಲ.”

ಅಷ್ಟರಲ್ಲಿ ತಮಟೆ ಬಡಿಯಿತು. ಮೊಣಕಾಲಿಗೆ ಕೈ ಊರಿ ಎದ್ದು ಅವರು ಕಣದೊಳಕ್ಕೆ ಇಳಿದರು.