ನೀಲಾಂಜನೆಯ ಮರಣ: ಪಂಪಕವಿಯ ದೇವಲೋಕವನ್ನು ಕುರಿತ ಒಂದು ವಿಮರ್ಶೆ

ಪ್ರಾಚೀನ ಕನ್ನಡ ಕಾವ್ಯಗಳಲ್ಲಿ ಬರುವ ದೇವತೆಗಳು, ವಿದ್ಯಾಧರರು, ಅಪ್ಸರೆಯರು ಮೊದಲಾದವರ ವಿಷಯದಲ್ಲಿ ವಿದ್ಯಾವಂತರಲ್ಲಿ ಒಂದು ಬಗೆಯ ಅನಾದರವು ಬೆಳೆದಿರುವುದು. ಇವರೆಲ್ಲರೂ ಕವಿಸಮಯಕ್ಕೆ ಸೇರಿದ ಅಲಂಕಾರಸಾಮಗ್ರಿ. ಇವರನ್ನು ಕಳೆದರೂ ಕಾವ್ಯದ ಹುರುಳಿಗೆ ಕೊರತೆಯಿಲ್ಲವೆಂಬುದು ಅವರ ವಾದ. ಅಷ್ಟಾದಶವರ್ಣನೆಗಳನ್ನು ತುಂಬುವುದಕ್ಕಾಗಿಯೇ ಕಾವ್ಯಕ್ಕೆ ಕೈಯಿಕ್ಕಿದ ಕವಿಗಳಿಗೆ ಈ ಮಾತು ಸಲ್ಲಬಹುದು. ಆದಿಪುರಾಣಕ್ಕೆ ಮಾತ್ರ ಸಲ್ಲದು. ಕ್ರಿ. ಶ. ೯೪೧ರಲ್ಲಿ ಪಂಪನು ರಚಿಸಿದ ಈ ಹದಿನಾರು ಆಶ್ವಾಸಗಳ ಕಾವ್ಯದಿಂದ ದೇವಲೋಕವನ್ನು ತೆಗೆದರೆ ಅದರ ಜೀವವೇ ಹೋದಂತಾಗುವುದು.

ಲೋಕಾಂತರದವರು ಮರ್ತ್ಯರ ಎದುರಿಗೆ ಬಂದು ನಿಲ್ಲುವ ಕಥೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಯೂರೋಪಿನ ಪಶ್ಚಿಮದ ಅಂಚಿನಲ್ಲಿರುವ ಐರ್ಲೆಂಡಿನ ಪ್ರಾಚೀನ ಕಥೆಗಳು ಈ ವಿಷಯದಲ್ಲಿ ಪ್ರಸಿದ್ಧವಾದವು. ಅಲ್ಲಿಯ ದೇವಜನರು ನೆಲದ ದಿಬ್ಬಗಳ ಒಳಗೂ ಕಡಲಾಚೆಯ ದ್ವೀಪಗಳಲ್ಲಿಯೂ ವಾಸಿಸುವರು. ಕಾನ್ ಎಂಬ ಅರಸನ ಮಗ ಕೊನ್ಲನ ಬಳಿಗೆ ಅಂಥ ಲೋಕದ ಹೆಣ್ಣೊಬ್ಬಳು ಬಂದು, ಮರಣವಿಲ್ಲದ ತನ್ನ ನಾಡಿಗೆ ಕರೆಯುತ್ತಾಳೆ. ಅವಳ ದನಿಯು ಎಲ್ಲರಿಗೂ ಕೇಳಿಸುವುದು. ರೂಪವು ಕೊನ್ಲನೊಬ್ಬನಿಗೇ ಕಾಣುವುದು. ತಂದೆಯು ಮಾಂತ್ರಿಕನಿಂದ ಅವಳನ್ನು ಹಿಂದಟ್ಟಿಸುತ್ತಾನೆ. ಹೋಗುವಾಗ ಅವಳು ಎಸೆದ ಸೇಬನ್ನು ತಿನ್ನುತ್ತ ಕುಮಾರನು ಒಂದು ತಿಂಗಳು ಬೇರೆ ಆಹಾರವಿಲ್ಲದೆ ಇರುತ್ತಾನೆ. ಎಷ್ಟು ತಿಂದರೂ ಆ ಹಣ್ಣು ಸವೆಯದು. ಮರಳಿ ಅವಳು ಬಂದಾಗ ಸ್ಫಟಿಕದ ದೋಣಿಗೆ ನೆಗೆದು, ಮತ್ತೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಾನೆ. ಬ್ರಾನನ ಯಾತ್ರೆಯೆಂಬ ಇನ್ನೊಂದು ಕಥೆಯಲ್ಲಿ, ಆ ಲೋಕದಿಂದ ಹಿಂದಿರುಗಿದ ನೆಕ್ತಾನನು ತಾಯ್ನೆಲವನ್ನು ಮುಟ್ಟಿದೊಡನೆ, ನೂರಾರು ವರ್ಷಗಳ ಹಿಂದೆ ಸತ್ತವನಂತೆ ಬೂದಿಯಾಗುತ್ತಾನೆ. ಮರಣವು ಮರ್ತ್ಯಲೋಕಕ್ಕೆ ಮಾತ್ರ ಅಂಟಿದ್ದು, ದಡ ದಾಟಿದವರಿಗೆ ಅದಿಲ್ಲ ಎಂಬುದು ಈ ಕಥೆಗಳ ತಿರುಳು.

ಪಂಪನ ದೇವಲೋಕವು ಇದಕ್ಕೆ ತೀರ ವಿಪರೀತವಾದುದು. ಧಾರವಾಡದಿಂದ ಹೆಚ್ಚು ದೂರವಿಲ್ಲದ ಅಮ್ಮಿನಬಾವಿಯ ಹಳೆಯ ಬಸದಿಯನ್ನು ಕಂಡವರಿಗೆ ಈ ಮತದ ನೆಲೆಯು ಹೊಸದಲ್ಲ. ಬಸದಿಗಳಲ್ಲಿ ಯಕ್ಷಯಕ್ಷಿಯರು ಜಿನನ ಪರಿಚಾರಕರು, ಪೂಜ್ಯರಾದರೂ ಮುಕ್ತರಲ್ಲ. ಭವನವಾಸಿಗಳು, ವ್ಯಂತರರು, ಜ್ಯೋತಿಷ್ಕರು, ಕಲ್ಪವಾಸಿಗಳು ಎಂಬ ನಾಲ್ಕು ನಿಕಾಯದ ದೇವತೆಗಳಿಗೂ ಆಯುಷ್ಯದ ಮೇರೆಯುಂಟು. ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳಾದ ಅಬ್ಬಣಬ್ಬೆಯ ಮಗನು ಈ ತತ್ತ್ವವನ್ನು ಬರಿಯ ಉಪದೇಶವಾಗಿ ಬಿಡದೆ ಕಥೆಯ ಕರುಳಾಗಿ ಮಾಡಿರುವನು.

ಲಲಿತಾಂಗದೇವನ ಭಾಗವನ್ನು ನೋಡಬಹುದು. ಈಶಾನಕಲ್ಪದಲ್ಲಿ ಅವನ ಭೋಗಕ್ಕೆ ಎಣೆಯಿಲ್ಲ. ದೇವಿಯರ ಆಯುಷ್ಯವು ದೇವನದಕ್ಕಿಂತ ಕಿರಿದಾದುದರಿಂದ ಅವನ ಕಣ್ಣೆದುರಿಗೇ ಅನೇಕ ದೇವಿಯರು ಬಂದು ಹೋಗುತ್ತಾರೆ. ಕೊನೆಗೆ ಬಂದವಳು ಸ್ವಯಂಪ್ರಭೆ. ಇನ್ನು ಆರು ತಿಂಗಳು ಉಳಿದಿರುವಾಗ ಕೊರಳ ಮಾಲೆಯು ಬಾಡುತ್ತದೆ. ಕೊನ್ಲನ ಸೇಬು ಸವೆಯದು. ಲಲಿತಾಂಗನ ಮಾಲೆ ಬಾಡುವುದು. ಎರಡು ಲೋಕದೃಷ್ಟಿಗಳ ಅಂತರವೆಲ್ಲವೂ ಈ ಎರಡು ವಸ್ತುಗಳಲ್ಲಿ ಅಡಗಿರುವುದು. ಅವರಿಬ್ಬರೂ ಮುಂದೆ ವಜ್ರಜಂಘ ಶ್ರೀಮತಿಯರಾಗಿ ಹುಟ್ಟಿ ಕೂಡುತ್ತಾರೆ. ಆ ಜನ್ಮದಲ್ಲಿಯೂ ಮುಚ್ಚಿದ ಶಯ್ಯಾಗೃಹದ ಧೂಪದ ಹೊಗೆಯಲ್ಲಿ ಒಂದಾಗಿಯೇ ಅಳಿಯುತ್ತಾರೆ. ಭೋಗದ ಪರಿಮಳವೇ ಮೃತ್ಯುವಾಗುವುದು.

ಈ ಲಲಿತಾಂಗನ ಜೀವವೇ ಹಲವು ಭವಗಳನ್ನು ದಾಟಿ ವೃಷಭನಾಥನಾಗುವುದೆಂಬುದನ್ನು ಮರೆಯಬಾರದು. ಆತನಿಗೆ ವೈರಾಗ್ಯವನ್ನು ಹುಟ್ಟಿಸಲೆಂದು ಇಂದ್ರನು, ಆಯುಷ್ಯವು ತೀರುತ್ತಿದ್ದ ನೀಲಾಂಜನೆಯೆಂಬ ದೇವನರ್ತಕಿಯನ್ನು ಆಸ್ಥಾನದಲ್ಲಿ ಕುಣಿಸುತ್ತಾನೆ. ನೃತ್ಯದ ನಡುವೆಯೇ ಅವಳು ಮಿಂಚಿನಂತೆ ಮಾಯವಾಗುವಳು. ರಸಭಂಗವಾಗದಂತೆ ಇಂದ್ರನು ಅವಳಂಥವಳನ್ನೇ ಒಡನೆ ಸೃಷ್ಟಿಸುವನು. ಸಭೆಗೆ ಏನೂ ತಿಳಿಯದು, ವೃಷಭನೊಬ್ಬನಿಗೇ ತಿಳಿಯುವುದು. ಕೊನ್ಲನ ಕಥೆಯಲ್ಲಿಯೂ ಕಂಡವನು ಒಬ್ಬನೇ. ಆದರೆ ಅವನಿಗೆ ಕಂಡುದು ಅಮರತ್ವ. ಇವನಿಗೆ ಕಂಡುದು ಅಮರಿಯ ಮರಣ. ಅವನು ಅಪ್ಸರೆಯ ಹಿಂದೆ ಹೋದನು. ಇವನು ಅಪ್ಸರೆಗೂ ದೊರಕದುದನ್ನು ಹುಡುಕಿ ಹೋದನು.

ಇಲ್ಲಿ ಆಲಂಕಾರಿಕರು ಆಕ್ಷೇಪಿಸಬಹುದು: ಶೃಂಗಾರವೂ ಶಾಂತವೂ ಪರಸ್ಪರವಿರೋಧಿಗಳು, ಒಂದರ ತುತ್ತತುದಿಯಲ್ಲಿ ಇನ್ನೊಂದನ್ನು ತರುವುದು ದೋಷವಲ್ಲವೆ? ಇದಕ್ಕೆ ಉತ್ತರವು ಆನಂದವರ್ಧನನಲ್ಲಿಯೇ ಇದೆ. ವಿರೋಧಿಗಳಾದ ಎರಡು ರಸಗಳ ನಡುವೆ ಮೂರನೆಯದನ್ನು ಇಟ್ಟರೆ ವಿರೋಧವು ತೊಲಗುವುದೆಂದು ಹೇಳಿ, ನಾಗಾನಂದವನ್ನು ಆತನು ಅದಕ್ಕೆ ಉದಾಹರಣೆಯಾಗಿ ತೋರಿಸಿರುವನು. ಪಂಪನಲ್ಲಿಯೂ ನೃತ್ಯದ ಶೃಂಗಾರಕ್ಕೂ ಅರಸನ ನಿರ್ವೇದಕ್ಕೂ ನಡುವೆ ನಿಂತಿರುವುದು ನರ್ತಕಿಯು ಕಣ್ಮರೆಯಾದ ಅದ್ಭುತವೇ. ಆದುದರಿಂದ ಅಲೌಕಿಕವು ಇಲ್ಲಿ ಒಡವೆಯಲ್ಲ, ಸೇತುವೆ.

ಕೊರತೆಯೊಂದನ್ನು ಮಾತ್ರ ಮರೆಮಾಡಲಾಗದು. ಸ್ವಯಂಪ್ರಭೆಗೆ ದುಃಖವುಂಟು, ಶ್ರೀಮತಿಗೆ ಪೂರ್ವಜನ್ಮದ ನೆನಪುಂಟು. ನೀಲಾಂಜನೆಗೆ ಕುಣಿತದ ಹೊರತು ಏನೂ ಇಲ್ಲ. ಪರರ ಬೋಧೆಗಾಗಿ ಅವಳ ಸಾವು ಬಳಕೆಯಾಯಿತು. ಅವಳ ಸ್ಥಾನವೂ ಆ ಕ್ಷಣದಲ್ಲಿಯೇ ತುಂಬಿಹೋಯಿತು. ಕಥೆಯು ಜಿನಸೇನಾಚಾರ್ಯರ ಮಹಾಪುರಾಣದಿಂದ ಬಂದುದಾದುದರಿಂದ ಪಂಪನ ಕೈ ಕಟ್ಟಿತ್ತೆಂದು ಹೇಳಬಹುದು. ಆದರೂ ಅವಳಿಗಾಗಿ ಮರುಗುವವರು ಆ ಸಭೆಯಲ್ಲಿ ಒಬ್ಬರೂ ಇಲ್ಲದಿರುವುದು ಸಹೃದಯರ ಎದೆಯನ್ನು ಕಲಕುವುದು. ಪ್ರಾಯಶಃ ಆ ಮರುಕವನ್ನು ಕವಿಯು ವಾಚಕರಿಗೇ ಉಳಿಸಿರುವನು.

ಪಠ್ಯಸಂಗ್ರಹಗಳಲ್ಲಿ ಈ ನೃತ್ಯಭಾಗವನ್ನು ಬಿಡಿಯಾಗಿ ಕೊಡುವ ಪದ್ಧತಿಯುಂಟು. ಹಾಗೆ ಓದಿದವರಿಗೆ ಅದು ಒಂದು ಸೊಗಸಾದ ವರ್ಣನೆಯಾಗಿ ಮಾತ್ರ ತೋರುವುದು. ಲಲಿತಾಂಗನ ಬಾಡಿದ ಮಾಲೆಯನ್ನು ಮೊದಲು ಕಂಡು, ಬಳಿಕ ನೀಲಾಂಜನೆಯ ಕುಣಿತಕ್ಕೆ ಬಂದವರಿಗೆ, ಸಿಂಹಾಸನದ ಮೇಲೆ ಕುಳಿತವನು ತನ್ನದೇ ಹಳೆಯ ಸಾವನ್ನು ನೋಡುತ್ತಿರುವನೆಂಬುದು ಹೊಳೆಯದಿರದು.